ಎಂಜಿನ್ ಸೆಟ್ ಆಗುವವರೆಗೆ

ನಮ್ಮ ಮನೆಗೆ ಯಾವ ಕಾರು ತರಬೇಕು ಎಂಬ ಚರ್ಚೆ ಯುಗಾದಿಗೆ ಶುರುವಾಗಿ ಗಣೇಶನ ಹಬ್ಬದವರೆಗೆ ನಡೆಯಿತು. ಅಷ್ಟೂ ದಿನ ಎಲ್ಲರೂ ಮಾತಾಡಿದರು. ಕಾರು ಓಡಿಸಬೇಕಾದವಳು ಮಾತ್ರ ಕಾಫಿ ಕೊಡುತ್ತಿದ್ದಳು.

ಓಡಿಸಬೇಕಾದವಳು ಅಮ್ಮ. ಹೆಸರಘಟ್ಟದ ಹತ್ತಿರದ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದಳು. ಸಂಜೆ ಅಪ್ಪ ಬರುವವರೆಗೆ ಶಾಲೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅಪ್ಪ ರಿಟೈರಾದವರು, ಸಮಯಕ್ಕೇನೂ ಕೊರತೆಯಿಲ್ಲ. ಆದರೂ 'ಹೊರಟೆ, ದಾರೀಲಿದೀನಿ' ಎಂದು ಅವರು ಫೋನಿನಲ್ಲಿ ಹೇಳುವಾಗ ಹಿಂದಿನಿಂದ ನಮ್ಮ ಮನೆಯ ಟೀವಿ ಕೇಳಿಸುತ್ತಿತ್ತು. ವರ್ಷಗಟ್ಟಲೆ ಆ ಕಟ್ಟೆಯ ಮೇಲೆ ಕೂತ ಮೇಲೆ, ಅಮ್ಮ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ಮಾಡಿಸಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟಳು. ದುಡ್ಡೂ ತನ್ನದೇ ಎಂದಳು.

"ನಾನೇ ಹೋಗ್ತೀನಿ, ನಾನೇ ಬರ್ತೀನಿ. ಯಾರ್ನೂ ಕಾಯೋಕಾಗಲ್ಲ ಇನ್ನು."

ಅವಳ ಬೇಡಿಕೆ ಇಷ್ಟೇ. ಇದನ್ನು ನಮ್ಮ ಕುಟುಂಬದ ಕಾರು ಪಂಡಿತರ ಕಿವಿಗೆ ಹಾಕದೆ ಇದ್ದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು.

ಪಂಡಿತರು ಮೂವರು. ಮೊದಲನೆಯವನು ದೊಡ್ಡಮ್ಮನ ಮಗ, ನನಗೆ ಅಣ್ಣ. ಯಲಹಂಕದ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಅವನಿಗೆ ಕಾರೆಂದರೆ ಪಿಕಪ್. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎನ್ನುವುದರ ಮೇಲೆ ಅವನು ಮನುಷ್ಯರ ಚಾರಿತ್ರ್ಯವನ್ನೂ ನಿರ್ಧರಿಸುತ್ತಾನೆ. ಎರಡನೆಯವರು ಆರ್.ಟಿ. ನಗರದ ಸೋದರಮಾವ. ಅವರ ಮಂತ್ರ ಮೈಲೇಜ್ ಮತ್ತು ರೀಸೇಲ್. ಪೆಟ್ರೋಲ್ ಬಂಕಿನಲ್ಲಿ ಕಾರನ್ನು ಅಲುಗಾಡಿಸಿ, ಗಾಳಿಗುಳ್ಳೆ ಹೋಗಲಿ ಎಂದು ಮತ್ತಷ್ಟು ತುಂಬಿಸಿ, ಆಮೇಲೆ ಲೆಕ್ಕ ಹಾಕುವವರು. ಇನ್ನೂ ಕೊಳ್ಳದ ಕಾರನ್ನು ಮಾರುವ ಬಗ್ಗೆ ಅವರು ಮಾತಾಡುವುದನ್ನು ಕೇಳಿದರೆ, ಹುಟ್ಟದ ಮಗುವಿನ ಮದುವೆಗೆ ಛತ್ರ ನೋಡುತ್ತಿದ್ದಾರೇನೋ ಅನ್ನಿಸುತ್ತದೆ. ಮೂರನೆಯವರು ಅಪ್ಪ. ಕೆಲಸದಲ್ಲಿದ್ದಾಗ ಆಫೀಸಿನ ಜೀಪು ಓಡಿಸಿದವರು. ಅವರ ಪರೀಕ್ಷೆ ಬಾಗಿಲಿನದು. ಬಾಗಿಲು ಹಾಕಿದರೆ 'ಧಪ್' ಅನ್ನಬೇಕು. 'ಟಪ್' ಅಂದರೆ ಆ ಕಾರು ತಗಡು, ಅದರ ಮಾಲೀಕ ಪೆದ್ದ.

ಕಂಪನಿಗಳ ಹೆಸರು ಬರೆಯುವುದಿಲ್ಲ. ಈ ಊರಿನಲ್ಲಿ ಒಬ್ಬರ ದೇವರನ್ನು ಬೈದು ಹೇಗೋ ಬಚಾವಾಗಬಹುದು, ಅವರ ಕಾರಿನ ಸಸ್ಪೆನ್ಷನ್ ಬಗ್ಗೆ ಮಾತಾಡಿ ಬಚಾವಾಗಲು ಸಾಧ್ಯವಿಲ್ಲ.

ನಾನು ಶಾಲೆಯಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಾಳಿಯ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವುದೇ ನನಗೆ ಕಲಿಸಿದ ವಿದ್ಯೆ. ಭಾನುವಾರಗಳಲ್ಲಿ ನಮ್ಮ ಪೋರ್ಟಿಕೋದಲ್ಲಿ ಸೇರುತ್ತಿದ್ದ ಈ ಮೂವರ ಮಾತಿನಲ್ಲಿ ಬಿರುಕು ಹುಡುಕುವ ಅಗತ್ಯವೇ ಇರಲಿಲ್ಲ. ಬಿರುಕುಗಳ ನಡುವೆ ಅಲ್ಲೊಂದು ಇಲ್ಲೊಂದು ಗೋಡೆ ಇತ್ತು.

"ಟರ್ಬೊ ತಗೊಳಿ ಚಿಕ್ಕಮ್ಮ," ಎನ್ನುತ್ತಿದ್ದ ಅಣ್ಣ. "ಹೈವೇಲಿ ಓವರ್‌ಟೇಕ್ ಮಾಡೋವಾಗ ಗೊತ್ತಾಗುತ್ತೆ ಅದ್ರ ಮಜಾ."

"ಶೆಟ್ಟಿಹಳ್ಳಿಯಿಂದ ಹೆಸರಘಟ್ಟಕ್ಕೆ ಯಾವ ಹೈವೇ ಅಣ್ಣ? ಇರೋದು ಹಂಪು," ಎಂದೆ.

"ಹಂಪ್ ಆದ್ಮೇಲೆ ಎಳೀಬೇಕಲ್ಲ ಗುರು! ಅಲ್ಲೇ ಟಾರ್ಕ್ ಬರೋದು."

"ಟಾರ್ಕೂ ಬೇಡ, ಕೋರ್ಕೂ ಬೇಡ," ಎಂದು ಮಾವ ಕೈಯಾಡಿಸಿದರು. "ಅಕ್ಕ, ನನ್ ಮಾತ್ ಕೇಳು. ಬಿಳೀ ಬಣ್ಣ, ಪೆಟ್ರೋಲ್, ಸಣ್ಣ ಎಂಜಿನ್. ಐದು ವರ್ಷ ಆದ್ಮೇಲೆ ಮಾರೋವಾಗ 'ಲೇಡಿ ಡ್ರಿವನ್' ಅಂತ ಒಂದು ಸಾಲು ಹಾಕಿದ್ರೆ ಸಾಕು, ಕಣ್ಮುಚ್ಕೊಂಡು ತಗೋತಾರೆ."

ಈ ಸಾಲು ನನಗೆ ಇಷ್ಟವಾಯಿತು. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಹೆಂಗಸು ಓಡಿಸಿದ ಕಾರೆಂದರೆ ಜೋಪಾನವಾಗಿ ಇಟ್ಟದ್ದು, ಜಾಸ್ತಿ ಬೆಲೆ. ರಸ್ತೆಯ ಮೇಲೆ ಅದೇ ಕಾರು ನಿಧಾನ ಹೋದರೆ ಹಿಂದಿನವನು ಹಾರ್ನ್ ಹೊಡೆದು, 'ಲೇಡೀಸ್ ಇರ್ಬೇಕು' ಎನ್ನುತ್ತಾನೆ. ಬಹುಶಃ ಕೊಳ್ಳುವವನೂ ಹಾರ್ನ್ ಹೊಡೆಯುವವನೂ ಒಬ್ಬನೇ.

ಷೋರೂಮಿಗೆ ಹೋದ ದಿನ ಟೈ ಕಟ್ಟಿದ ಹುಡುಗನೊಬ್ಬ ಅಪ್ಪನ ಕೈ ಕುಲುಕಿ, ಅಣ್ಣನಿಗೆ ಎಂಜಿನ್ ತೋರಿಸಿ, ಮಾವನಿಗೆ ಆಫರ್ ಹೇಳಿ, ಕೊನೆಗೆ ಅಮ್ಮನಿಗಾಗಿ ಹಿಂದಿನ ಬಾಗಿಲು ತೆರೆದ.

"ಮೇಡಂ, ಲೆಗ್ ರೂಮ್ ನೋಡಿ, ಎಷ್ಟ್ ಚೆನ್ನಾಗಿದೆ. ಆರಾಮಾಗಿ ಕೂತ್ಕೊಳಿ."

ಅಮ್ಮ ಆರಾಮಾಗಿ ಕೂತಳು. ಅಪ್ಪ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ, ಧಪ್ಪಿನ ಗುಣಮಟ್ಟವನ್ನು ಕಿವಿಗೊಟ್ಟು ಕೇಳಿದರು. ಟೆಸ್ಟ್ ಡ್ರೈವಿಗೆಂದು ಅಣ್ಣ ಸ್ಟಿಯರಿಂಗ್ ಹಿಡಿದು ಹೆಬ್ಬಾಳದ ಫ್ಲೈಓವರ್ ಕಡೆ ತಿರುಗಿಸಿದ. ಸೊನ್ನೆಯಿಂದ ನೂರಕ್ಕೆ ಹಾರುವ ಆ ಯಂತ್ರ, ಒಂದು ನೀರಿನ ಟ್ಯಾಂಕರಿನ ಹಿಂದೆ ಸೊನ್ನೆಯಿಂದ ಎಂಟಕ್ಕೂ, ಎಂಟರಿಂದ ಸೊನ್ನೆಗೂ ಅತ್ಯುತ್ತಮವಾಗಿ ಚಲಿಸಿತು.

"ಪವರ್ ಫೀಲ್ ಆಗ್ತಿದ್ಯಾ ಚಿಕ್ಕಮ್ಮ?"

"ಟ್ಯಾಂಕರ್ ಕಾಣಿಸ್ತಿದೆ ಕಣೋ."

ವಾಪಸ್ ಬರುವಾಗ ಮಾವ ಓಡಿಸಿದರು. ಷೋರೂಮಿನ ಹತ್ತಿರದ ಸರ್ವೀಸ್ ರಸ್ತೆಗೆ ಬಂದಾಗ ಅಮ್ಮ ಮುಂದೆ ಬಾಗಿ, "ನಾನೊಂದು ರೌಂಡ್ ನೋಡ್ತೀನಿ," ಎಂದಳು. ಟೈ ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಖಾಲಿ ರಸ್ತೆಯನ್ನು ನೋಡಿದರು.

"ಇವತ್ತು ಟ್ರಾಫಿಕ್ ಜಾಸ್ತಿ ಕಣೇ. ಇನ್ನೊಂದ್ ದಿನ."

ಆ ಸಂಜೆ ನಾನು ಜಗಳಕ್ಕೆ ನಿಂತೆ. ಕಾರು ಯಾರದು? ದುಡ್ಡು ಯಾರದು? ಲೈಸೆನ್ಸ್ ಯಾರಿಗಿದೆ? ಮೂವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಉತ್ತರ ಕೊಡುತ್ತಾನೆ, ಅವನನ್ನು ಅಲ್ಲಿ ಹಿಡಿಯಬಹುದು. ಇವರು ಒಪ್ಪಿಕೊಂಡುಬಿಟ್ಟರು.

"ನೂರಕ್ಕೆ ನೂರು ಕರೆಕ್ಟ್," ಎಂದರು ಮಾವ.

"ಚಿಕ್ಕಮ್ಮಂದೇ ಕಾರು, ಅದ್ರಲ್ಲಿ ಡೌಟೇ ಇಲ್ಲ ಲಾಯರಮ್ಮ," ಎಂದ ಅಣ್ಣ.

"ಅವ್ಳೇ ಓಡಿಸ್ಲಿ," ಎಂದರು ಅಪ್ಪ. "ಬೇಡ ಅಂದೋರು ಯಾರು? ಆದ್ರೆ ಹೊಸಾ ಎಂಜಿನ್ನು ಮೊದ್ಲು ಸೆಟ್ ಆಗ್ಬೇಕು. ಪಳಗಿದ ಕೈ ಬೇಕು ಅದಕ್ಕೆ. ಕಲಿಯೋರ ಕೈಗೆ ಸಿಕ್ಕಿ, ಶುರುವಲ್ಲೇ ಕ್ಲಚ್ಚು ತುಳಿದು ತುಳಿದು ಹಾಳಾದ್ರೆ, ಆಮೇಲೆ ಜನ್ಮದಲ್ಲಿ ಸರಿ ಹೋಗಲ್ಲ. ಎರಡ್ನೇ ಸರ್ವೀಸ್ ಆಗೋವರ್ಗೂ ನಾನ್ ಓಡಿಸ್ತೀನಿ. ಆಮೇಲೆ ಅವ್ಳಿಗೇ."

"ಆಮೇಲೆ ಮಳೆಗಾಲ ಬರುತ್ತೆ," ಎಂದೆ.

"ಹೌದು, ಮಳೇಲಿ ಹೊಸಬರು ಓಡಿಸಬಾರ್ದು."

"ಮೊದಲನೇ ಗೀರು ಬೇರೆ," ಎಂದರು ಮಾವ, ಎದೆ ಮೇಲೆ ಕೈಯಿಟ್ಟುಕೊಂಡು. "ಹೊಸಾ ಕಾರಿನ ಮೇಲೆ ಗೀರು ಬಿದ್ರೆ ರೀಸೇಲ್ ಹೋಯ್ತು ಅಂತ್ಲೇ ಲೆಕ್ಕ."

ಮೈಲೇಜ್, ಪಿಕಪ್, ಬಾಗಿಲು ಎಂದು ತಿಂಗಳುಗಟ್ಟಲೆ ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದ ಮೂವರೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದುಬಿಟ್ಟರು. ಅಮ್ಮ ಒಳಗೆ ಹೋಗಿ ಪರೀಕ್ಷೆಯ ಪೇಪರ್ ತಿದ್ದಲು ಕೂತಳು. ಸೋತಳು ಎಂದುಕೊಂಡೆ.

ಗಣಿತದ ಟೀಚರನ್ನು ಅಷ್ಟು ಬೇಗ ಸೋಲಿಸಲಾಗುವುದಿಲ್ಲ. ಎದುರಾಳಿ ಕೊಟ್ಟ ಸೂತ್ರವನ್ನೇ ತೆಗೆದುಕೊಂಡು ಅದರಲ್ಲಿ ಬೇರೆ ಸಂಖ್ಯೆ ಹಾಕುವುದು ಅವಳಿಗೆ ಹೊಟ್ಟೆಪಾಡು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ, ಪಂಡಿತರು ಮೂವರೂ ಪೋರ್ಟಿಕೋದಲ್ಲಿ ಸನ್‌ರೂಫ್ ಬೇಕೋ ಬೇಡವೋ ಎಂದು ಕಚ್ಚಾಡುತ್ತಿದ್ದಾಗ, ಗೇಟಿನ ಮುಂದೆ ಒಂದು ಹಳೆಯ ಕೆಂಪು ಸಣ್ಣ ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ಅಮ್ಮ. ಪಕ್ಕದಲ್ಲಿ ಅವಳ ಶಾಲೆಯ ಸೈನ್ಸ್ ಮೇಡಂ. ಅವರು ರಿಟೈರಾಗಿ ಮೈಸೂರಿಗೆ ಹೋಗುವವರು, ಅಲ್ಲಿ ಮಗಳ ಮನೆಯಲ್ಲಿ ಕಾರಿದೆ. ಇದನ್ನು ಅಮ್ಮ ಕೊಂಡುಬಿಟ್ಟಿದ್ದಳು.

ಅಪ್ಪ ಎದ್ದು ನಿಂತರು. "ಏನಿದು?"

"ಕಾರು," ಎಂದಳು ಅಮ್ಮ. "ಎಂಜಿನ್ ಸೆಟ್ ಆಗ್ಬೇಕು ಅಂದ್ರಲ್ಲ. ಮೇಡಂ ಒಂಬತ್ತು ವರ್ಷ ಓಡಿಸಿ ಸೆಟ್ ಮಾಡಿದಾರೆ. ಇನ್ನೂ ಆಗಿಲ್ಲ ಅಂದ್ರೆ ಹೇಳಿ, ಇನ್ನೊಂದ್ ವರ್ಷ ಓಡಿಸ್ಕೊಡಿ ಅಂತೀನಿ."

ಮಾವ ಕಾರಿನ ಸುತ್ತ ಬಂದರು. ಹಿಂದಿನ ಬಂಪರನ್ನು ಸವರಿದರು.

"ಅಕ್ಕ, ಇಲ್ಲಿ ಗೀರಿದೆ."

"ಇದೆ. ಆ ಕಡೆ ಇನ್ನೂ ಎರಡಿದೆ ನೋಡು. ಮೊದಲನೇ ಗೀರಿನ ಭಯ ಮುಗೀತು."

"ನೋಡಿ ತಗೋಬೇಕಿತ್ತು. ಯಾರ್ ಹೆಂಗ್ ಓಡಿಸಿದಾರೋ ಏನೋ..."

"ಲೇಡಿ ಡ್ರಿವನ್ ಕಣೋ," ಎಂದಳು ಅಮ್ಮ. "ಕಣ್ಮುಚ್ಕೊಂಡು ತಗೊಂಡೆ."

ಸೈನ್ಸ್ ಮೇಡಂ ಗಂಭೀರವಾಗಿ ತಲೆಯಾಡಿಸಿದರು. ಅಣ್ಣ ಬಾನೆಟ್ ಎತ್ತಿಸಿ, ಎಂಜಿನ್ನನ್ನು ಸತ್ತವರ ಮುಖ ನೋಡುವಂತೆ ನೋಡಿ, ಪಿಕಪ್ ಇರೋದಿಲ್ಲ ಎಂದು ತೀರ್ಪು ಕೊಟ್ಟ. ಅಪ್ಪ ಮುಂದಿನ ಬಾಗಿಲು ತೆಗೆದು ಹಾಕಿದರು. ಅದು 'ಧಪ್' ಅನ್ನಲಿಲ್ಲ, 'ಟಪ್' ಎಂದೂ ಅನ್ನಲಿಲ್ಲ. 'ಕಿರ್' ಎಂದಿತು. ಆ ಶಬ್ದಕ್ಕೆ ಅವರ ಶಾಸ್ತ್ರದಲ್ಲಿ ಜಾಗವೇ ಇರಲಿಲ್ಲ.

ಆದರೆ ಅಪ್ಪ ಅಷ್ಟಕ್ಕೇ ಬಿಡುವವರಲ್ಲ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಮ್ಮನ ಪಕ್ಕದ ಸೀಟಿನಲ್ಲಿ ಕೂತಿದ್ದರು. "ಒಂದ್ ವಾರ ಜೊತೇಲಿರ್ತೀನಿ, ಧೈರ್ಯಕ್ಕೆ," ಎಂದರು. ಯಾರ ಧೈರ್ಯಕ್ಕೆ ಎಂದು ಹೇಳಲಿಲ್ಲ. ನನಗೆ ಅಂದು ರಜೆ, ಹಿಂದೆ ಹತ್ತಿಕೊಂಡೆ.

ಮನೆಯ ತಿರುವು ದಾಟುವುದರೊಳಗೆ ಶುರುವಾಯಿತು. ಗೇರ್ ಬದಲಿಸು. ಎಡಕ್ಕೆ ತಗೋ. ಅಷ್ಟು ಎಡಕ್ಕಲ್ಲ. ಹಾರ್ನ್ ಮಾಡು. ಯಾಕ್ ಹಾರ್ನ್ ಮಾಡ್ದೆ? ನಾಯಿ ನೋಡು. ನಾಯಿ ನೋಡ್ಬೇಡ, ರೋಡ್ ನೋಡು. ಚಿಕ್ಕಬಾಣಾವರದ ಹತ್ತಿರ ಒಂದು ಹಂಪಿನ ಮೇಲೆ ಕಾರು ನಿಂತುಹೋಯಿತು. ಹಿಂದೆ ಶಾಲೆಯ ವ್ಯಾನು, ಹಾಲಿನ ಟೆಂಪೊ, ಬೈಕುಗಳು, ಎಲ್ಲವೂ ಒಟ್ಟಿಗೆ ಬಾಯಿ ಮಾಡಿದವು. ಅಮ್ಮ ಕೀಲಿ ತಿರುಗಿಸುವುದರೊಳಗೆ ಅಪ್ಪನ ಬಲಗೈ ಬಂದು ಸ್ಟಿಯರಿಂಗ್ ಹಿಡಿಯಿತು.

"ಬಿಡು, ಇಳಿ, ನಾನ್ ಓಡಿಸ್ತೀನಿ. ಹೇಳ್ಲಿಲ್ವಾ ನಾನು?"

ಅಮ್ಮ ಆ ಕೈಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟಳು. ಕಾರು ಶುರು ಮಾಡಿದಳು. ಹಂಪು ಇಳಿಸಿ, ಎಡಗಡೆಯ ಇಂಡಿಕೇಟರ್ ಹಾಕಿ, ಬಸ್ ಸ್ಟಾಪಿನ ಪಕ್ಕ ನಿಲ್ಲಿಸಿದಳು. ಶಾಸ್ತ್ರೋಕ್ತವಾಗಿ ನಿಲ್ಲಿಸಿದಳು, ಹ್ಯಾಂಡ್‌ಬ್ರೇಕ್ ಸಮೇತ.

"ಇಳೀರಿ."

"ಅಂದ್ರೆ?"

"ಇಲ್ಲಿಂದ ಮನೆ ಕಡೆ ಬಸ್ಸಿದೆ. ಇಳೀರಿ, ನಂಗೆ ಫಸ್ಟ್ ಪಿರಿಯಡ್ ಇದೆ."

ಅಪ್ಪ ತಿರುಗಿ ನನ್ನ ಮುಖ ನೋಡಿದರು. ಇಡೀ ಜನ್ಮದಲ್ಲಿ ಮೊದಲ ಬಾರಿಗೆ ಅವರಿಗೆ ನನ್ನ ವಾದ ಬೇಕಾಗಿತ್ತು. ನಾನು ಕಿಟಕಿಯಾಚೆ ನೋಡಿದೆ. ಅವರು ಇಳಿದರು. ಇಸ್ತ್ರಿ ಶರ್ಟಿನಲ್ಲಿ ಬಸ್ ಸ್ಟಾಪಿನ ಮುಂದೆ ನಿಂತವರು, ಕಾರು ಹೊರಟಾಗಲೂ ಬಾಗಿ ಟೈರು ನೋಡುತ್ತಿದ್ದರು.

ಸ್ವಲ್ಪ ದೂರ ಹೋಗುವುದರೊಳಗೆ ನನ್ನ ಫೋನು ಬಡಿದುಕೊಂಡಿತು.

"ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ ಅಂತ ಅವ್ಳಿಗೆ ಹೇಳೇ. ಆಮೇಲೆ ಮೂರನೇ ಗೇರಲ್ಲಿ..."

"ಯಾರು, ಅಪ್ಪನಾ?" ಎಂದು ಕೇಳಿದಳು ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೂಂ. ಟೈರಲ್ಲಿ ಗಾಳಿ ಕಮ್ಮಿ ಅಂತೆ."

"ಗೊತ್ತು. ಸಂಜೆ ಬರ್ತಾ ಹಾಕಿಸ್ತೀನಿ. ಇಡು ಫೋನು."

ಇಟ್ಟೆ.