ತಾತನ ಗಂಟೆ, ಅಜ್ಜಿಯ ಸೌಟು

ಹುಣಿಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುವಾಗ ಏಳುವ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಹಾಸನದ ನನ್ನ ಅಡುಗೆಮನೆ ಮಾಯವಾಗಿ ಹೊಳೆನರಸೀಪುರದ ಪೇಟೆಬೀದಿಯ ಹೆಂಚಿನ ಮನೆ ಎದ್ದು ನಿಲ್ಲುತ್ತದೆ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ. ಆಗ ಅಲ್ಲಿ ವಿಭೂತಿ, ಕೊಬ್ಬರಿ, ಸೌದೆಯ ಹೊಗೆ ಬೆರೆತ ಒಂದು ವಾಸನೆಯಿತ್ತು, ನಮ್ಮ ಬಟ್ಟೆಗಳಿಗೂ ಅದೇ. ತಾತ ಕೊಬ್ಬರಿ ವ್ಯಾಪಾರಿ. ಅಂಗಡಿಯಲ್ಲಿ ಬಾಯಿ ಮುಚ್ಚದ ಮನುಷ್ಯ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಮಾತ್ರ ಮೌನ. ಏನೇ ಆದರೂ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಬೀಗ ಬಿದ್ದಿದ್ದು ಬಾಯಿಗೆ, ಕೈಗಲ್ಲವಲ್ಲ! ಪೂಜೆಯ ಗಂಟೆ ಮೆಲ್ಲಗೆ ಒಮ್ಮೆ ಠಿಣ್ ಎಂದರೆ ಹೂವು ಸಾಲದು, ಬಿಟ್ಟು ಬಿಟ್ಟು ಬಾರಿಸಿದರೆ ಕಾಫಿಗೆ ನೀರಿಡು, ಗಡಗಡ ಎಂದರೆ ಮಕ್ಕಳ ಗಲಾಟೆ ನಿಲ್ಲಿಸು. ತನ್ನ ಲಿಂಗಪೂಜೆಯನ್ನು ಒಲೆ ಹಚ್ಚುವ ಮೊದಲೇ ಸದ್ದಿಲ್ಲದೆ ಮುಗಿಸಿರುತ್ತಿದ್ದ ಅಜ್ಜಿ, ಗೋಡೆಯಾಚೆಯಿಂದ ಸೌಟಿನಲ್ಲಿ ಪಾತ್ರೆಗೆ ಠಣ್ ಎಂದು ಬಡಿದರೆ 'ಆಯಿತು' ಎಂದರ್ಥ. ಮುಚ್ಚಳ ದಬಾರೆಂದರೆ 'ನನಗೇನು ನಾಲ್ಕು ಕೈ ಇವೆಯಾ?' ಹಗಲೆಲ್ಲ ಕಿತ್ತಾಡುತ್ತಿದ್ದ ಇಬ್ಬರೂ ಆ ಒಂದು ಹೊತ್ತು ಎಷ್ಟು ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದರು!

ಒಮ್ಮೆ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಗೆ ಮೇಕೆ ಬಾಯಿ ಹಾಕಿತು. ಕಿಟಕಿಯಿಂದ ಕಂಡ ತಾತ ಬಾಯಿ ಬಿಡಲಾಗದೆ ಗಂಟೆಯನ್ನು ಅದರ ನಾಲಗೆ ಕಿತ್ತುಬರುವಂತೆ ಬಾರಿಸಿದರು. ಅಜ್ಜಿ ಬಾವಿಕಟ್ಟೆಯಲ್ಲಿದ್ದಳು. ಮಹಾಮಂಗಳಾರತಿಯೆಂದು ಅಕ್ಕಪಕ್ಕದವರು ಓಡಿಬಂದು ಕಣ್ಣುಮುಚ್ಚಿ ಕೈಮುಗಿದು ನಿಂತರು. ಅವರ ಬೆನ್ನ ಹಿಂದೆ ಮೇಕೆ ನೆಮ್ಮದಿಯಾಗಿ ಸಂಡಿಗೆ ಮುಗಿಸಿತು. ಆಗಲೂ ತಾತ ಮೌನ ಮುರಿಯಲಿಲ್ಲ.

ಅಂಥ ಮೌನ ಮುರಿದದ್ದು ಅರಕಲಗೂಡಿನ ಕಾರಣಕ್ಕೆ. ಅದು ಅಜ್ಜಿಯ ತವರು. ಅಲ್ಲಿ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗೋಣವೆಂದು ಅವಳು ಕೇಳಿದರೆ ತಾತ, "ಅಂಗಡಿ ಯಾರ್ ನೋಡ್ಕತಾರೆ?" ಎಂದುಬಿಟ್ಟರು. ಮಾರನೆಯ ಬೆಳಿಗ್ಗೆ ಗಂಟೆ ಕಾಫಿ ಕೇಳಿತು. ಉತ್ತರವಿಲ್ಲ. ಮತ್ತೆ ಕೇಳಿತು. ಅಜ್ಜಿ ಒಲೆಯ ಮುಂದೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು, ಸೌಟು ಪಕ್ಕದಲ್ಲೇ. ನಾನು ಎತ್ತಿಕೊಳ್ಳಹೋದರೆ ಕೈಗೆ ಒಂದು ಕೊಟ್ಟಳು. ಸ್ವಲ್ಪ ಹೊತ್ತಿಗೆ ತಾತ ಲಿಂಗ ಹಿಡಿದ ಕೈಯಲ್ಲೇ ಬಾಗಿಲಿಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು.

"ಯಾಕಮ್ಮಿ, ಬಿದ್ ಗಿದ್ಬುಟ್ಯಾ?"

"ಗಂಟೆ ಬಾರ್ಸುದ್ ತಕ್ಷಣ ಬರಾಕೆ ನಾನೇನ್ ದೇವ್ರಾ?"

"ದೇವ್ರು ಬರ್ದಿದ್ರೂ ಪೂಜೆ ನಡೀತದೆ ಕಣೆ. ನೀನ್ ಸದ್ದು ಮಾಡ್ದಿದ್ರೆ ನಂಗೆ ಕೈಯೇ ಓಡಾಕಿಲ್ಲ."

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಂಗಾರೆ ಅರಕಲಗೂಡಿಗೆ ಬತ್ತೀರಾ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾತ ಅಂಗಡಿಯ ಚಿಂತೆ ಮಾಡಿದರು. ಅಜ್ಜಿ ಕಿಟಕಿ ಪಕ್ಕ ಕೂತು, ಗೆದ್ದ ಖುಷಿಯಲ್ಲಿ ನನಗೆ ಕೊಬ್ಬರಿಮಿಠಾಯಿ ಕೊಡಿಸಿದಳು. ಅವಳಷ್ಟು ಸುಖವಾಗಿ ಗೆಲ್ಲುವ ಹೆಂಗಸನ್ನು ಆಮೇಲೆ ನಾನು ಕಂಡಿಲ್ಲ.

ಮುಂದೆ ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ಹೋದಳು. ಮನೆ ತುಂಬಿದ್ದ ನೆಂಟರು ಚದುರಿದ ಮೊದಲ ಬೆಳಿಗ್ಗೆ, ಗಂಟೆಗೆ ಉತ್ತರ ಕೊಡುವವರಿಲ್ಲದೆ ತಾತ ಏನಾಗುತ್ತಾರೋ ಎಂದು ಹೆದರಿ ನಾನೇ ಸೌಟು ಹಿಡಿದು ಒಲೆಯ ಮುಂದೆ ಕೂತೆ. ತಾತ ಗಂಟೆ ಬಾರಿಸಲೇ ಇಲ್ಲ. ಪೂಜೆಯ ನಡುವೆಯೇ ಎದ್ದುಬಂದು ತಲೆ ಹಾಕಿದರು. "ಕಾಫಿಗೆ ನೀರ್ ಮಡುಗವ್ವ."

ನನಗೆ ಗಾಬರಿ. "ತಾತಾ, ಮೌನ?"

"ಅದಿನ್ಯಾಕೆ ಬುಡು. ನಿಮ್ಮಜ್ಜಿ ಜೊತೆ ಮಾತಾಡಾಕೆ ಅಂತ ಇಟ್ಕಂಡಿದ್ದೆ."

ಈಗ ತಾತನೂ ಇಲ್ಲ. ಗಂಟೆ ನನ್ನ ದೇವರಮನೆಯಲ್ಲಿದೆ, ಅದನ್ನು ಉಜ್ಜುವುದು ನನ್ನ ಕೆಲಸ, ಬಾರಿಸುವುದು ನನ್ನ ಯಜಮಾನರದು. ಅವರಿಗೆ ಆ ಭಾಷೆ ಗೊತ್ತಿಲ್ಲ. ಹೂವು, ಕಾಫಿ, ಮಕ್ಕಳ ಗಲಾಟೆ ಎಲ್ಲವನ್ನೂ ಒಟ್ಟಿಗೇ ಬಾರಿಸುತ್ತಾರೆ. ಆದರೂ ಗಂಟೆ ಕೇಳಿದೊಡನೆ ನನ್ನ ಕೈ ಸೌಟು ಹುಡುಕುತ್ತದೆ, ಪಾತ್ರೆಗೆ ಠಣ್ ಎನ್ನುತ್ತದೆ.

"ಏನೇ ಅದು ಬಿದ್ದಿದ್ದು?" ಎಂದು ಒಳಗಿನಿಂದ ಕೂಗುತ್ತಾರೆ.

"ಏನೂ ಬೀಳ್ಲಿಲ್ಲ ಕಣ್ರೀ," ಎನ್ನುತ್ತೇನೆ. "ನೀವು ಬಾರ್ಸಿ."