ನೆಟ್‌ವರ್ಕ್ ಮೊದಲು ಎಂದು ಬರೆದವರು

ನಮ್ಮ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಯಂತ್ರ ನಿಧಾನವಾದರೂ, ಲಿಫ್ಟ್ ಬರದಿದ್ದರೂ, ದೊಡ್ಡ ಸಾಹೇಬರು ಮೇಜು ಕುಟ್ಟಿದರೂ ಅವರ ಬಾಯಲ್ಲಿ ಒಂದೇ ಮಾತು: "ತಾಳಪ್ಪ." ಹಾಗಾಗಿ ಅವರೇ ತಾಳಪ್ಪ ಆದರು. ಕೆಲಸಕ್ಕೆ ಸೇರಿದ ಮೊದಲ ವಾರ ಅದೇ ಅವರ ಹೆಸರೆಂದು ತಿಳಿದು ನಾನು ಒಂದು ಅರ್ಜಿಯಲ್ಲೂ ಬರೆದುಬಿಟ್ಟಿದ್ದೆ. ಓದಿ ನಕ್ಕು ಸಹಿ ಹಾಕಿದರು.

ನಮ್ಮದು ನದಿಯ ಮಟ್ಟ ಅಳೆಯುವ ವಿಭಾಗ. ಸೇತುವೆಯ ಕಂಬಗಳಿಗೆ ಕಬ್ಬಿಣದ ಪೆಟ್ಟಿಗೆ ಬಿಗಿದಿರುತ್ತೇವೆ. ಒಳಗೆ ಅಂಗೈಯಗಲದ ಕಂಪ್ಯೂಟರ್, ಮೇಲೆ ಸೈರನ್. ನೀರು ಗುರುತು ದಾಟಿದರೆ ಅದು ಕೂಗಬೇಕು. ಕರೆಂಟ್ ಹೋಗಿ ಬಂದಾಗ ಆ ಕಂಪ್ಯೂಟರಿನಲ್ಲಿ ಮೊದಲು ಎಚ್ಚರಾಗುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಮಿಕ್ಕ ಸಾಫ್ಟ್‌ವೇರನ್ನು ಎಲ್ಲಿಂದ ತರಬೇಕು, ಒಳಗಿನ ಮೆಮೊರಿಯಿಂದಲೋ, ಕಾರ್ಡಿನಿಂದಲೋ, ನೆಟ್‌ವರ್ಕ್ ಮೂಲಕ ಆಫೀಸಿನಿಂದಲೋ, ಯಾವುದು ಮೊದಲು, ಸಿಗದಿದ್ದರೆ ಎಷ್ಟು ಹೊತ್ತು ಕಾಯಬೇಕು, ಇದನ್ನೆಲ್ಲ ಒಂದು ಸಾಲಿನಲ್ಲಿ ಅದಕ್ಕೆ ಬರೆದಿಡಬೇಕು. ಆ ಸಾಲು ತಾಳಪ್ಪನವರ ಕೆಲಸ.

ಪರೀಕ್ಷೆಯ ದಿನಗಳಲ್ಲಿ ಅವರು ನೆಟ್‌ವರ್ಕನ್ನೇ ಮೊದಲಿಗಿಟ್ಟಿದ್ದರು. ದಿನಕ್ಕೊಂದು ಹೊಸ ಸಾಫ್ಟ್‌ವೇರ್ ಹಾಕಬೇಕಾದಾಗ ಪ್ರತಿ ಸಲ ಏಣಿ ಹತ್ತುವುದು ತಪ್ಪುತ್ತಿತ್ತು. ಆಫೀಸಿನ ಸರ್ವರ್ ನಿಧಾನವೆಂದು "ಸಿಗುವವರೆಗೂ ಕಾಯಿ" ಎಂದೂ ಬರೆದಿದ್ದರು. ನಾನು ಒಮ್ಮೆ ಕೇಳಿದೆ.

"ಸಾರ್, ಪ್ರವಾಹ ಬಂದ್ರೆ ಮೊದಲು ಹೋಗೋದೇ ನೆಟ್‌ವರ್ಕ್ ಅಲ್ವಾ? ಒಳಗಿನ ಮೆಮೊರೀನ ಮುಂದಕ್ಕೆ ಹಾಕೋಣ."

"ತಾಳಮ್ಮ. ಈ ಪರೀಕ್ಷೆ ಮುಗೀಲಿ, ಬದಲಾಯಿಸಿಬಿಡೋಣ."

ಪರೀಕ್ಷೆ ಮುಗಿಯಿತು, ಬೇರೆ ಕೆಲಸ ಬಂತು. ಅವರು ಮರೆತರು. ನಾನು ಮತ್ತೆ ಕೇಳಲಿಲ್ಲ.

ಹಳೆಯ ಸೇತುವೆಯ ಕೆಳಗಿನ ಬೀದಿಯಲ್ಲಿ ಅವರ ಅಕ್ಕನ ಹೊಲಿಗೆ ಅಂಗಡಿ. ತಾಯಿ ಸತ್ತಾಗ ತಾಳಪ್ಪನವರಿಗೆ ಆರು ವರ್ಷ. ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಸಾಕಿದಳು. ಅವನ ಅಂಗಿಯ ತೋಳಿನಲ್ಲಿ ಮೂರು ಮಡಿಕೆ ಇಟ್ಟು ಹೊಲಿದು, ವರ್ಷಕ್ಕೊಂದರಂತೆ ಬಿಚ್ಚುತ್ತಿದ್ದಳಂತೆ. ತಮ್ಮ ಕೆಲಸಕ್ಕೆ ಸೇರಿದ ಮೇಲೆಯೇ ಅವಳು ಮದುವೆಯಾದದ್ದು, ಒಬ್ಬ ಬಸ್ ಡ್ರೈವರನ್ನು. ಸೇತುವೆಗೆ ಪೆಟ್ಟಿಗೆ ಬಿಗಿದ ದಿನ ಬೀದಿಯವರನ್ನೆಲ್ಲ ಕರೆತಂದು ತೋರಿಸಿದ್ದಳು.

ನದಿ ಏರಿದ್ದು ಒಂದು ಮಧ್ಯಾಹ್ನ. ಕರೆಂಟ್ ಹೋಯಿತು, ಬಂತು. ಅಷ್ಟರಲ್ಲಿ ಪೆಟ್ಟಿಗೆಗೆ ನೆಟ್‌ವರ್ಕ್ ಕೊಡುತ್ತಿದ್ದ ಮೊಬೈಲ್ ಟವರ್ ಸತ್ತಿತ್ತು. ಪೆಟ್ಟಿಗೆ ಎಚ್ಚರಾಗಿ, ಬರೆದಿದ್ದಂತೆ ನೆಟ್‌ವರ್ಕಿಗಾಗಿ ಕಾಯುತ್ತಾ ಕೂತಿತು. ಒಳಗಿನ ಮೆಮೊರಿಯಲ್ಲಿ ಎಲ್ಲವೂ ಸರಿಯಾಗಿತ್ತು; ಅದರ ಸರದಿ ಬರಲೇ ಇಲ್ಲ.

ಇಸ್ತ್ರಿ ಅಂಗಡಿಯವನು ಅಕ್ಕನ ಬಾಗಿಲಿಗೆ ಬಂದು, ನೀರು ಮೆಟ್ಟಿಲು ಮುಟ್ಟಿದೆ, ಹೊರಡಿ ಎಂದ. ಅವಳು ಗಿರಾಕಿಗಳ ಬಟ್ಟೆಗಳನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದಳು.

"ನನ್ನ ತಮ್ಮನ ಪೆಟ್ಟಿಗೆ ಇನ್ನೂ ಕೂಗಿಲ್ವಲ್ಲಪ್ಪ. ನೀನು ನಡಿ, ಕೂಗಿದ ಕೂಡಲೇ ಬರ್ತೀನಿ."

ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಗೋಡೆ ಕುಸಿಯಿತು. ಆ ಬೀದಿಯಲ್ಲಿ ಸತ್ತವಳು ಅವಳೊಬ್ಬಳೇ.

ವಿಚಾರಣೆಯಲ್ಲಿ ಸಾಹೇಬರು ವಿದ್ಯುತ್ ದೋಷ ಎಂದು ಬರೆದು ಮುಗಿಸಲು ನೋಡಿದರು. ತಾಳಪ್ಪನವರು ಎದ್ದು ನಿಂತು ಆ ಸಾಲನ್ನು ಓದಿ ಹೇಳಿದರು. ನನ್ನತ್ತ ಕೈ ತೋರಿಸಿ, "ಇವರು ಮೊದಲೇ ಹೇಳಿದ್ರು, ನಾನೇ ತಾಳಿ ಅಂದೆ" ಎಂದರು. ಒಂದೇ ಸಲ ಹೇಳಿ ಸುಮ್ಮನಾದೆ ಎಂದು ನಾನೂ ಒಪ್ಪಿಕೊಂಡೆ. ಅವರನ್ನು ಕೆಳಗಿನ ಹುದ್ದೆಗೆ ಇಳಿಸಿದರು. ಅಂದಿನಿಂದ ಆ ಅಡ್ಡಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಅವರು ಭಾವನ, ಅಂದರೆ ಅಕ್ಕನ ಗಂಡನ, ಮನೆಗೆ ಹೋದಾಗ ಜೊತೆಗೆ ನನ್ನನ್ನೂ ಕರೆದೊಯ್ದರು. ಭಾವ ಪೂರ್ತಿ ಕೇಳಿಸಿಕೊಂಡರು.

"ಅದನ್ನ ಬದಲಾಯಿಸೋಕೆ ಎಷ್ಟು ಹೊತ್ತು ಬೇಕಿತ್ತು?"

"ಎರಡು ನಿಮಿಷ, ಭಾವ."

ಭಾವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಬಹಳ ಹೊತ್ತು ಕೂತಿದ್ದು ಎದ್ದು ಬಂದೆವು.

ಆಮೇಲೆ ಏಳು ವಾರ ಮೂವತ್ತೊಂದು ಪೆಟ್ಟಿಗೆಗಳನ್ನು ಅವರೇ ಏಣಿ ಹತ್ತಿ ಸರಿ ಮಾಡಿದರು. ಒಳಗಿನ ಮೆಮೊರಿ ಮೊದಲು, ಆಮೇಲೆ ಕಾರ್ಡ್, ಕೊನೆಗೆ ನೆಟ್‌ವರ್ಕ್. ಅದೂ ಹತ್ತು ಸೆಕೆಂಡು ಮಾತ್ರ. ನೆಟ್‌ವರ್ಕಿನ ಆಂಟೆನಾ ಕಿತ್ತು, ಕರೆಂಟ್ ತೆಗೆದು ಹಾಕಿ, ಪ್ರತಿಯೊಂದನ್ನೂ ಮೂರು ಸಲ ನೋಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು ಎಂದು ಕಾವಲಿನವನೊಬ್ಬ ಗೊಣಗಿದ. ಏಣಿಯ ಮೇಲಿಂದಲೇ ಅವರು "ಹೌದು" ಎಂದರು. ಮುಂದಿನ ವರ್ಷ ನದಿ ಮತ್ತೆ ಏರಿತು, ಕರೆಂಟ್ ಹೋಗಿ ಬಂತು, ಟವರ್ ಸತ್ತಿತು, ಮೂವತ್ತೊಂದೂ ಕೂಗಿದವು. ಆ ಹೊತ್ತಿನಲ್ಲಿ ಅವರು ಆಫೀಸಿನ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದನ್ನು ನಾನು ಕಂಡೆ.

ಎರಡನೆಯ ವರ್ಷ ಒಂದು ಬೆಳಿಗ್ಗೆ ಭಾವ ಟ್ರಂಕ್ ಹೊತ್ತು ಅವರ ಮನೆಗೆ ಬಂದರು. ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ, ಆ ಮನೇಲಿ ಒಬ್ಬನೇ ಇರೋಕಾಗ್ತಿಲ್ಲ ಎಂದರಂತೆ. ಈಗ ಇಬ್ಬರಿಗೂ ನಿವೃತ್ತಿ. ಒಬ್ಬರು ಅಡುಗೆ ಮಾಡುತ್ತಾರೆ, ಒಬ್ಬರು ಪಾತ್ರೆ ತೊಳೆಯುತ್ತಾರೆ. ಅಕ್ಕನ ಮಾತು ಎತ್ತುವುದಿಲ್ಲ. ಹೋದ ತಿಂಗಳು ನಾನು ಹೋದಾಗ ಭಾವನಿಗೆ ಜ್ವರ. ಇವರು ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುತ್ತಿದ್ದರು. ಭಾವ ಕಣ್ಣು ಮುಚ್ಚಿಕೊಂಡೇ ಇದ್ದರು, ಕೈಯನ್ನು ತಳ್ಳಲಿಲ್ಲ.