ಡೆಡ್‌ಲಾಕಿನಿಂದ ಓದು ಶುರುಮಾಡುವ ವನಿತಾ ಮೇಡಂ

ಗುಂಡ್ಲುಪೇಟೆಯ ಕಾಲೇಜಿಗೆ ಆಪರೇಟಿಂಗ್ ಸಿಸ್ಟಮ್ ಪಠ್ಯಪುಸ್ತಕ ಆರಿಸುವ ವನಿತಾ ಮೇಡಂ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದುವವರಲ್ಲ. ‘ಒಳಗೆಲ್ಲ ಕಲರ್ ಚಿತ್ರ ಮೇಡಂ’ ಎಂದು ಮಾರಲು ಬಂದವನು ಹಲ್ಲುಕಿರಿದರೆ, ‘ಕಲರ್ ಇರ್ಲಿ ಬುಡಪ್ಪ, ಡೆಡ್‌ಲಾಕ್ ಎಲ್ಲದೆ ತೋರ್ಸು’ ಎನ್ನುತ್ತಾರೆ. ಕಿರುಸೇತುವೆಯಲ್ಲಿ ಎದುರಾದ ಎರಡು ಲಾರಿಗಳಂತೆ ಪ್ರೋಗ್ರಾಂಗಳು ಹಿಂದೆ ಸರಿಯದೆ ಸಿಕ್ಕಿಕೊಳ್ಳುವ ಆ ಅಧ್ಯಾಯ ಓದಿದ ಕೂಡಲೇ ತಿಳಿಯದಿದ್ದರೆ ಪುಸ್ತಕ ವಾಪಸ್. ‘ಯಾವ್ದಾದ್ರೂ ಒಂದು ಒಪ್ಪಿಬುಡಿ ಮೇಡಂ’ ಎಂದು ಪ್ರಿನ್ಸಿಪಾಲರು ಗೋಗರೆದರೂ ಜಗ್ಗುವುದಿಲ್ಲ. ಬೇಗೂರಿನಿಂದ ತಾವು ಕಾಲೇಜಿಗೆ ಬರುವ ಬಸ್ಸು ಎಷ್ಟೇ ಕುಲುಕಲಿ, ಆ ಪರೀಕ್ಷೆ ದಾಟಿದ ಪುಸ್ತಕದ ಪ್ರತಿ ಲೆಕ್ಕವನ್ನೂ ಕಂಪ್ಯೂಟರ್ ಮುಟ್ಟದೆ ಪೆನ್ಸಿಲಿನಲ್ಲೇ ಬಿಡಿಸುತ್ತಾರೆ. ‘ಲ್ಯಾಪ್‌ಟಾಪಲ್ಲಿ ಮಾಡಿ ನೋಡ್ಬೋದಲ್ವಾ ಮೇಡಂ?’ ಎಂದು ಪಕ್ಕದಲ್ಲಿ ಕುಳಿತ ವಿದ್ಯಾರ್ಥಿನಿ ಕುಮಾರಿ ಒಮ್ಮೆ ಕೇಳಿದಳು. ‘ನಿಮ್ಮನೇಲಿ ಲ್ಯಾಪ್‌ಟಾಪ್ ಅದಾ ಅಮ್ಮಿ?’ ಕುಮಾರಿ ಇಲ್ಲವೆಂದು ತಲೆಯಾಡಿಸಿದಳು. ‘ಹಂಗಾದ್ರೆ ನಂಗೂ ಬ್ಯಾಡ’ ಎಂದ ಮೇಡಂ ಮುಂದಿನ ಲೆಕ್ಕಕ್ಕೆ ಪುಟ ತಿರುವಿದರು.